ರಿಚ್ಮಂಡ್‌ನ ಕಮರಿಯಲ್ಲಿ ಅರಗಿನ ತಟ್ಟೆಗಳು

ಅಮೆರಿಕದಲ್ಲಿ ಕಳೆದ ಹನ್ನೆರಡು ದಿನಗಳಲ್ಲಿ ಒಂದು ದಿನದ ಬಗ್ಗೆ ಮಾತ್ರ ನಾನು ಬರೆಯಬೇಕೆಂದಿದ್ದೇನೆ. ಷಿಕಾಗೊ ನಗರವನ್ನೂ ಸರೋವರಗಳನ್ನೂ ಬಣ್ಣಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇಂಡಿಯಾನಾಪೊಲಿಸ್‌ನಿಂದ ಪೂರ್ವಕ್ಕೆ ಸುಮಾರು 115 ಕಿಲೋಮೀಟರ್ ದೂರದ, ಇಂಡಿಯಾನಾ ರಾಜ್ಯದ ರಿಚ್ಮಂಡ್ ಎಂಬ ಊರಿಗೆ ನಮ್ಮವರು ಹೋಗುವುದು ಅಪರೂಪ.

ಊರಿನ ನಡುವೆ ವೈಟ್‌ವಾಟರ್ ನದಿ ಕೊರೆದ ಕಮರಿಯಿದೆ. ಅದರ ದಡದಲ್ಲಿ ಸ್ಟಾರ್ ಎಂಬ ಪಿಯಾನೊ ಕಾರ್ಖಾನೆ ಇತ್ತು. ಅದರದೇ ಅಂಗವಾದ, ಗ್ರಾಮಫೋನ್ ತಟ್ಟೆಗಳ ಜೆನೆಟ್ ಕಂಪನಿ 1923ರ ಏಪ್ರಿಲ್ 5 ಮತ್ತು 6ರಂದು ಇಲ್ಲಿ ಕಿಂಗ್ ಆಲಿವರ್ ಅವರ ಜಾಸ್ ತಂಡದ ವಾದನವನ್ನು ಮುದ್ರಿಸಿತು. ಮುಂದೆ ಜಾಸ್‌ನ ದೊಡ್ಡ ಹೆಸರಾದ, ಆಗ ಇಪ್ಪತ್ತೊಂದು ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲ ಬಾರಿಗೆ ಗ್ರಾಮಫೋನ್ ತಟ್ಟೆಯೊಳಗೆ ಸೇರಿದ್ದು ಆ ಎರಡು ದಿನಗಳಲ್ಲಿ. ಈಗ ಅಲ್ಲಿ ಹಳೆಯ ಇಟ್ಟಿಗೆಯ ಒಂದು ಕಟ್ಟಡ ಉಳಿದಿದೆ; ಕಾಲುದಾರಿಯ ಉದ್ದಕ್ಕೂ ಕಲಾವಿದರ ಹೆಸರು ಹೊತ್ತ ತಟ್ಟೆಯಾಕಾರದ ಫಲಕಗಳನ್ನು ನೆಲದಲ್ಲಿ ಕೂರಿಸಿದ್ದಾರೆ. ಮುದ್ರಣ ನಡೆದ ಕೊಠಡಿ ಮಾತ್ರ ಇಲ್ಲ. ರೈಲು ಹಳಿಗೆ ಅಂಟಿಕೊಂಡಂತಿದ್ದ ಆ ಕೊಠಡಿಯಲ್ಲಿ, ಗಾಡಿ ಬಂದಾಗಲೆಲ್ಲ ಕೆಲಸ ನಿಲ್ಲಿಸಿ ಅದು ದಾಟುವವರೆಗೂ ಕಾಯುತ್ತಿದ್ದರು. ಹುಲ್ಲು ಬೆಳೆದ ಆ ಜಾಗದಲ್ಲಿ ಅರ್ಧ ಗಂಟೆ ನಿಂತಿದ್ದೆ; ಇಷ್ಟು ದೂರ ಬಂದು ಏನನ್ನೂ ಕಾಣಲಿಲ್ಲವೆಂದು ಮನಸ್ಸು ಪೆಚ್ಚಾಯಿತು.

ಹತ್ತಿರದ ಡೇಟನ್‌ನಲ್ಲಿರುವ ನನ್ನ ಸೋದರಮಾವನ ಮಗ ಅಂದು ಮಧ್ಯಾಹ್ನ ತನ್ನ ನಿವೃತ್ತ ಸಹೋದ್ಯೋಗಿಯೊಬ್ಬರ ಮನೆಗೆ ಕರೆದೊಯ್ದ. ಎರಡು ಮಹಾಯುದ್ಧಗಳ ನಡುವಿನ ಜಾಸ್ ತಟ್ಟೆಗಳನ್ನು ನಲವತ್ತು ವರ್ಷಗಳಿಂದ ಕೂಡಿಸುತ್ತ ಬಂದವರು ಅವರು. ಗೋಡೆಯ ಉದ್ದಕ್ಕೂ ಕಪಾಟುಗಳು. ತಟ್ಟೆಗಳೆಲ್ಲ ಪುಸ್ತಕಗಳಂತೆ ನೆಟ್ಟಗೆ ನಿಂತಿದ್ದವು. ನಾನು ಕಮರಿಯ ಬೇಸರವನ್ನು ಹೇಳಿಕೊಂಡಾಗ ಅವರು, “ಆ ಕೊಠಡಿ ಇಲ್ಲಿದೆ, ಕೂತುಕೊಳ್ಳಿ,” ಎಂದು ಸವೆದ ಒಂದು ತಟ್ಟೆಯನ್ನು ಹೊರತೆಗೆದರು. ಅದು ಆ ಏಪ್ರಿಲ್‌ನಲ್ಲಿ ಮುದ್ರಿತವಾದ ‘ಚೈಮ್ಸ್ ಬ್ಲೂಸ್’.

ಮೊದಲ ಸಲ ನನಗೆ ಕೇಳಿದ್ದು ಎಣ್ಣೆಯಲ್ಲಿ ಸಾಸಿವೆ ಸಿಡಿಯುವಂಥ ಸದ್ದು, ಅದರ ಹಿಂದೆ ಗಜಿಬಿಜಿ. ಅವರು ಮತ್ತೆ ಹಾಕಿದರು. ತಟ್ಟೆಗಳ ಮುದ್ರಣಕ್ಕೆ ಮೈಕ್ರೊಫೋನ್ ಬರುವುದಕ್ಕೆ ಮುಂಚಿನ ಕಾಲ ಅದು. ಏಳು ಜನರೂ ಗೋಡೆಯಿಂದ ಚಾಚಿದ ಕಹಳೆಯ ಮುಂದೆ ನಿಂತು ನುಡಿಸಬೇಕು, ಆ ಕಂಪನವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರು ಮೂಡಿಸಬೇಕು. ದನಿ ಏರಿಸಲು ಇಳಿಸಲು ಇದ್ದ ಉಪಾಯ ಒಂದೇ, ಮನುಷ್ಯನನ್ನು ಹತ್ತಿರಕ್ಕೋ ದೂರಕ್ಕೋ ನಿಲ್ಲಿಸುವುದು.

“ಆರ್ಮ್‌ಸ್ಟ್ರಾಂಗ್ ಅವರ ಉಸಿರು ಎಷ್ಟು ಬಲವಾಗಿತ್ತೆಂದರೆ, ಗುರುಗಳಾದ ಆಲಿವರ್ ಅವರ ಕಾರ್ನೆಟ್ ಎಂಬ ತುತ್ತೂರಿಯ ದನಿ ಮುಚ್ಚಿಹೋಗುತ್ತಿತ್ತು. ಹಾಗಾಗಿ ಆರ್ಮ್‌ಸ್ಟ್ರಾಂಗ್ ಅವರನ್ನು ಹನ್ನೆರಡು ಹದಿನೈದು ಅಡಿ ಹಿಂದೆ ಮೂಲೆಯಲ್ಲಿ ನಿಲ್ಲಿಸಿದರು,” ಎಂದರು ಅವರು. “ಪಿಯಾನೊ ನುಡಿಸಿದ ಲಿಲ್ ಹಾರ್ಡಿನ್ ಮುಂದೆ ಅವರನ್ನು ಮದುವೆಯಾದರು, ಆ ದಿನ ಅವರ ಮುಖ ಬಾಡಿತ್ತೆಂದು ಆಕೆಯೇ ನೆನಪಿಸಿಕೊಂಡಿದ್ದಾರೆ.”

“ಆ ದೂರ ತಟ್ಟೆಯಲ್ಲಿ ಕೇಳಿಸುತ್ತದೆಯೇ?” ಎಂದು ಕೇಳಿದೆ.

“ಅದನ್ನು ನೀವೇ ಹೇಳಬೇಕು.”

ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದೆ. ಪಿಯಾನೊದಲ್ಲಿ ಗಂಟೆಯಂಥ ನಾದ ಮುಗಿಯುತ್ತಲೇ ಒಂದು ಕಾರ್ನೆಟ್ ಎದ್ದಿತು. ಸಿಡಿಯುವ ಸದ್ದಿನ ಆಚೆ, ಯಾವ ಅವಸರವೂ ಇಲ್ಲದೆ, ನಮ್ಮ ನಾಗಸ್ವರದವರು ರಾಗದ ಮೊದಲ ಸ್ವರವನ್ನು ಹಿಡಿದು ನಿಲ್ಲುವಂತೆ ಅದು ನಿಂತಿತು. ಆ ಕೊಠಡಿಯ ಅಗಲವೂ ಗೋಡೆಯೂ ಮೂಲೆಯೂ ನನಗೆ ಗೋಚರಿಸಿದವು. ಕಣ್ಣು ತುಂಬಿ ಬಂತು. ಸದ್ದನ್ನು ಒರೆಸಿ ಹೊಳಪು ಕೊಟ್ಟ ಈಗಿನ ಮರುಮುದ್ರಣಗಳನ್ನು ಅಂದಿನಿಂದ ನನಗೆ ಕೇಳಲಾಗುತ್ತಿಲ್ಲ. ಅವುಗಳಲ್ಲಿ ಸಿಡಿತದ ಜೊತೆಗೆ ಕೊಠಡಿಯೂ ಅಳಿಸಿಹೋಗಿರುತ್ತದೆ.

ಆ ಕಾಲದ ಇಂಡಿಯಾನಾದಲ್ಲಿ ಬಿಳಿಯರೇ ಮೇಲೆಂದು ಸಾರುವ ಕು ಕ್ಲಕ್ಸ್ ಕ್ಲ್ಯಾನ್ ಎಂಬ ಸಂಘಟನೆ ಪ್ರಬಲವಾಗಿತ್ತು. ಕರಿಯ ಕಲಾವಿದರ ತಟ್ಟೆಗಳನ್ನು ಹೊರತಂದ ಇದೇ ಕಾರ್ಖಾನೆ, ಹಣ ಕೊಟ್ಟ ಕ್ಲ್ಯಾನ್‌ನವರ ಹಾಡುಗಳನ್ನೂ ಅಚ್ಚು ಹಾಕಿಕೊಟ್ಟಿತು. ಇದನ್ನು ಹೇಳುವಾಗ ಆ ಹಿರಿಯರು ದನಿ ತಗ್ಗಿಸಿದರು. ಮುದ್ರಣದ ಮೂಲ ಲೋಹದ ಅಚ್ಚುಗಳಲ್ಲಿ ಬಹುಪಾಲು ಗುಜರಿಗೆ ಹೋದವಂತೆ. ಆದ್ದರಿಂದ ಇಂಥ ಮನೆಗಳ ಕಪಾಟಿನಲ್ಲಿ ಉಳಿದ ಸವೆದ ತಟ್ಟೆಗಳೇ ಈಗ ಆಧಾರ.

ಹೊರಡುವಾಗ ಅವರು ಕೇಳಿದರು: “ಈ ತಟ್ಟೆಯನ್ನು ಯಾವುದರಿಂದ ಮಾಡಿದ್ದಾರೆ, ಗೊತ್ತೇ? ನಿಮ್ಮ ದೇಶದ ಅರಗಿನಿಂದ.” ಕಲ್ಲಿನ ಪುಡಿ, ಕಾಡಿಗೆ ಎಲ್ಲವನ್ನೂ ಹಿಡಿದಿಡುವ ಅಂಟು ಅದು, ಜಗತ್ತಿನ ತಟ್ಟೆಗಳಿಗೆ ಬೇಕಾದ ಅರಗಿನ ಹೆಚ್ಚಿನ ಪಾಲು ಆಗ ಭಾರತದ ಕಾಡುಗಳಿಂದ ಹೋಗುತ್ತಿತ್ತು. ಅರಗಿನ ಬಣ್ಣ ಬಳಿಯುವ ಚನ್ನಪಟ್ಟಣದ ಬೊಂಬೆಗಳ ನಡುವೆ ಬೆಳೆದ ನನಗೆ ಇದು ಆ ದಿನದವರೆಗೆ ತಿಳಿದಿರಲಿಲ್ಲ.

ಮರಳುವಾಗ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಜೆನೆಟ್ ಕಂಪನಿಯದೇ ಒಂದು ಸಾಮಾನ್ಯ ನೃತ್ಯಸಂಗೀತದ ತಟ್ಟೆಯನ್ನು ಕೊಂಡು, ಬಟ್ಟೆಗಳ ನಡುವೆ ಮಲಗಿಸಿ ಪೆಟ್ಟಿಗೆಯಲ್ಲಿಟ್ಟೆ. ಬೆಂಗಳೂರಿನಲ್ಲಿ ತೆರೆದಾಗ ಮೂರು ಚೂರಾಗಿತ್ತು. ಇಂದಿಗೂ ಆ ನೋವು ಹೋಗಿಲ್ಲ. ಇಂಥ ತಟ್ಟೆ ಕೊಳ್ಳುವವರು ಎರಡು ದಪ್ಪ ರಟ್ಟುಗಳ ನಡುವೆ ಕಟ್ಟಿ, ನೆಟ್ಟಗೆ ನಿಲ್ಲಿಸಿ, ಕೈಚೀಲದಲ್ಲಿಯೇ ತರಬೇಕು. ಮಲಗಿಸಿ ಮೇಲೆ ಭಾರ ಹೇರಿದರೆ ಅದು ಉಳಿಯುವುದಿಲ್ಲ.

ಚೂರುಗಳನ್ನು ಎಸೆಯಲಾಗದೆ ಒಂದನ್ನು ನಮ್ಮೂರಿನ ಬೊಂಬೆ ಕೆಲಸದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಅಂಚನ್ನು ಕೆಂಡದ ಹತ್ತಿರ ಹಿಡಿದು ಮೂಸಿ ನೋಡಿದರು. “ಅರಗೇ ಕಣಪ್ಪ, ಮಣ್ಣು ಜಾಸ್ತಿ ಬೆರೆಸಿದ್ದಾರೆ,” ಎಂದು ನನ್ನ ಕೈಗೆ ಮರಳಿಸಿದರು.