ಮುಚ್ಚಳ ಎದ್ದ ಬಾಟಲಿಗಳು

2025ರ ಜೂನ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಶಿರಸಿಯ ಅಂಗಡಿಕಾರರೊಬ್ಬರು ಫೋನ್ ಮಾಡಿ, "ಹೆಗಡೇರೇ, ನಿಮ್ಮ ಮುರುಗಲು ಸಿರಪ್ಪಿನ ಮುಚ್ಚಳಗಳು ತಾವಾಗಿಯೇ ಎದ್ದು ಕೂತಿವೆ, ಒಮ್ಮೆ ಬಂದು ಹೋಗಿ" ಎಂದರು. ಆ ಹೊತ್ತಿಗೆ ನನ್ನ ಲ್ಯಾಪ್‌ಟಾಪಿನಲ್ಲಿ ರಾಜೀನಾಮೆ ಪತ್ರ ಸಿದ್ಧವಾಗಿತ್ತು. ಸೋಮವಾರ ಕಳುಹಿಸಿಬಿಟ್ಟರೆ 90 ದಿನಗಳ ನೋಟಿಸ್ ಅವಧಿ ಮುಗಿಸಿ ದಸರೆಯ ಹೊತ್ತಿಗೆ ಪೂರ್ಣಾವಧಿ ವ್ಯಾಪಾರಿಯಾಗಿಬಿಡುವುದು ನನ್ನ ಲೆಕ್ಕಾಚಾರವಾಗಿತ್ತು.

ಬೆಂಗಳೂರಿನ ಸಾಫ್ಟ್‌ವೇರ್ ಕೆಲಸವನ್ನು 2020ರಲ್ಲಿ ಊರಿಗೆ ಹೊತ್ತು ತಂದವನು ನಾನು. ಈ ಫೋನ್ ಬರುವ ಹಿಂದಿನ ವರ್ಷ ಆಯಿ, ಅಂದರೆ ಅಮ್ಮ, ಮುರುಗಲು (ಕೋಕಂ) ಹಣ್ಣಿನಿಂದ ಮಾಡಿದ ಅರವತ್ತು ಬಾಟಲಿ ಸಿರಪ್ಪು ತಿಂಗಳೊಳಗೆ ಖರ್ಚಾದದ್ದೇ ನೆಪವಾಗಿ, 100 ರೂಪಾಯಿ ಕಟ್ಟಿ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಲೇಬಲ್ಲನ್ನೂ ಅಚ್ಚು ಹಾಕಿಸಿದ್ದೆ. ಪಿಎಂಎಫ್‌ಎಂಇ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಕಿರು ಆಹಾರ ಘಟಕಕ್ಕೆ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಸಿಗುತ್ತದೆಂದು ತಿಳಿದ ಮೇಲಂತೂ ಕನಸಿಗೆ ಕಡಿವಾಣವೇ ಇರಲಿಲ್ಲ.

ಅಂಗಡಿಯಲ್ಲಿ ಒಂದು ಬಾಟಲಿಯ ಮುಚ್ಚಳ ತಿರುಗಿಸಿದೆ. ಬುಸ್ಸೆಂದು ಗಾಳಿ ಹೊರಟು, ಕಡುಗೆಂಪು ನೊರೆ ಬೆರಳ ಸಂದಿಯಿಂದ ಇಳಿದು ಗಲ್ಲಾಪೆಟ್ಟಿಗೆಯ ಮೇಲೆ ಬಿತ್ತು. ಅಂಗಡಿಯವರು ಏನೂ ಅನ್ನದೆ ಬಟ್ಟೆ ತಂದು ಒರೆಸಿದರು. ಅವರು ಬೈದಿದ್ದರೆ ಹಗುರಾಗುತ್ತಿತ್ತು. 84 ಬಾಟಲಿಗಳು, ಒಂದಕ್ಕೆ 140ರಂತೆ 11,760 ರೂಪಾಯಿ ಹಿಂದಿರುಗಿಸಿ, ಕ್ರೇಟುಗಳನ್ನು ಕಾರಿಗೆ ತುಂಬಿಸಿಕೊಂಡು ಬಂದೆ.

ಮನೆಗೆ ಬಂದವನು ಕಪಾಟಿನಿಂದ ಸಕ್ಕರೆಯ ಶೇಕಡಾ ಪ್ರಮಾಣ ತೋರಿಸುವ ರಿಫ್ರಾಕ್ಟೋಮೀಟರ್ ತೆಗೆದು, ಅದರ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಬೆಳಕಿನ ಕಡೆ ಹಿಡಿದು ನೋಡಿದೆ. ನೀಲಿಯೂ ಬಿಳಿಯೂ ಕೂಡುವ ಗೆರೆ 57ರಲ್ಲಿ ನಿಂತಿತ್ತು. ಸಿರಪ್ಪಿಗೆ ಅದು ಕನಿಷ್ಠ 65 ಇರಬೇಕು. ಸಕ್ಕರೆ ಅದಕ್ಕಿಂತ ತೆಳುವಾದರೆ ಯೀಸ್ಟಿಗೆ ಹಬ್ಬ. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ವರ್ಷ ಮುಂಗಾರು ವಾಡಿಕೆಗಿಂತ ಎಂಟು ದಿನ ಮೊದಲೇ, ಮೇ 24ಕ್ಕೇ ಕೇರಳ ತಲುಪಿತ್ತು. ನಮ್ಮಲ್ಲಿ ಅದಕ್ಕೂ ಮುಂಚೆಯೇ ಮಳೆ ಹಿಡಿದಿತ್ತು. ಸಿಪ್ಪೆ ಮತ್ತು ಸಕ್ಕರೆಯನ್ನು ಪದರ ಪದರವಾಗಿ ತುಂಬಿಟ್ಟ ಭರಣಿಗಳಿಗೆ ಬಿಸಿಲೇ ಬೀಳದೆ, ತಳದ ಸಕ್ಕರೆ ಕರಗದೆ ಗಟ್ಟಿಯಾಗಿ ಉಳಿದಿತ್ತು. ಅದನ್ನು ಕಂಡೂ ನಾನು ಸೋಸಿ ಬಾಟಲಿಗೆ ತುಂಬಿಸಿದ್ದೆ, ಅಳೆದು ನೋಡಲಿಲ್ಲ. ಆ ವಾರ ಆಫೀಸಿನಲ್ಲಿ ಹೊಸ ಆವೃತ್ತಿಯ ಬಿಡುಗಡೆಯಿದ್ದು, ರಾತ್ರಿ ಹನ್ನೊಂದರವರೆಗೂ ಮೀಟಿಂಗುಗಳಿದ್ದವು.

ಹಾಗಾದರೆ ತಪ್ಪು ನೌಕರಿಯದೇ, ಎರಡು ದೋಣಿಯ ಮೇಲೆ ಕಾಲಿಟ್ಟದ್ದೇ ಕಾರಣ, ಪತ್ರವನ್ನು ಇವತ್ತೇ ಕಳುಹಿಸಬೇಕು ಎಂದು ಮಧ್ಯಾಹ್ನದವರೆಗೂ ವಾದ ಹೂಡುತ್ತಿದ್ದೆ. ಅಪ್ಪಯ್ಯ ಅಂಗಳದಲ್ಲಿ ಕುಳಿತು ಕವಳ ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಹಣ್ಣು ಬಪ್ಪದು ವರ್ಷಕ್ಕೆ ಒಂದೇ ಸಲ, ತಮಾ" ಎಂದಷ್ಟೇ ಹೇಳಿ ತೋಟದ ಕಡೆ ನಡೆದರು.

ಆ ಮಾತು ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ಆಳಕ್ಕೆ ಇಳಿಯಿತು. ನನ್ನ ಕಸುಬಿನಲ್ಲಿ ಬೆಳಿಗ್ಗೆ ಮಾಡಿದ ತಪ್ಪನ್ನು ಸಂಜೆಗೆ ತಿದ್ದಬಹುದು, ತಿದ್ದಿದ್ದೂ ತಪ್ಪಾದರೆ ರಾತ್ರಿ ಹಿಂದಿನ ಆವೃತ್ತಿಗೆ ಮರಳಬಹುದು, ಮತ್ತು ಇಷ್ಟಾದರೂ ತಿಂಗಳ ಕೊನೆಗೆ ಸಂಬಳ ಬಂದೇ ಬರುತ್ತದೆ. ಸೊಪ್ಪಿನಬೆಟ್ಟದ ಮುರುಗಲು ಮರಕ್ಕೆ ಹಿಂದಿನ ಆವೃತ್ತಿಯೆಂಬುದಿಲ್ಲ; ಈ ಮೇ ತಿಂಗಳ ತಪ್ಪನ್ನು ಮುಂದಿನ ಮೇ ತಿಂಗಳಲ್ಲೇ ತಿದ್ದಬೇಕು. ಸಹಾಯಧನದಿಂದ ಡ್ರೈಯರ್ ಕೊಳ್ಳಬಹುದು, ಇನ್ನೊಂದು ಹಂಗಾಮು ಕೊಳ್ಳಲಾಗದು. ಕೆಲಸ ಬಿಟ್ಟರೆ ನನ್ನ ಉಳಿತಾಯ ಒಂದೂವರೆ ವರ್ಷ ಬಾಳುತ್ತಿತ್ತು, ಅಂದರೆ ಒಂದೇ ಒಂದು ಹಂಗಾಮು. ಸಂಬಳವನ್ನು ಅಷ್ಟು ದಿನ ಕಾಲಿನ ಸಂಕೋಲೆ ಎಂದೇ ಭಾವಿಸಿದ್ದ ನನಗೆ, ಅದು ತಪ್ಪು ಮಾಡಲು ವರ್ಷಗಳನ್ನು ಒದಗಿಸುವ ದುಡ್ಡೂ ಹೌದೆಂಬುದು ಎಂದೂ ಹೊಳೆದಿರಲಿಲ್ಲ.

ಸಂಜೆ ಆಯಿಯೂ ನಾನೂ ಸೇರಿ ಬಾಟಲಿಗಳನ್ನು ಬಚ್ಚಲ ಹೊರಗೆ ಖಾಲಿ ಮಾಡಿ, ತೊಳೆದು, ಮಗುಚಿ ಹಾಕಿದೆವು.

ಸೋಮವಾರ ಮ್ಯಾನೇಜರಿಗೆ ಫೋನ್ ಮಾಡಿ, ಮುಂದಿನ ವರ್ಷದ ಏಪ್ರಿಲ್ ಕೊನೆಯಿಂದ ಮೂರು ವಾರ ರಜೆ ಬೇಕೆಂದು ಕೇಳಿದೆ. ಹತ್ತು ತಿಂಗಳು ಮೊದಲೇ ರಜೆ ಕೇಳುವವನನ್ನು ಅವರು ಕಂಡಿರಲಿಲ್ಲವೇನೋ, "ಮನೆಯಲ್ಲಿ ಮದುವೆಯೇ?" ಎಂದರು. ಹಣ್ಣು ಕೊಯ್ಯುವುದಿದೆ ಎಂದೆ.