ಲ್ಯಾಬ್ ಕಂಪ್ಯೂಟರ್‌ಗಳಿಗೆ ಏಜೆಂಟ್ ಅಳವಡಿಕೆ: ಈವರೆಗಿನ ಪ್ರಗತಿ

ಕಾಲೇಜಿನ ಮೂರು ಲ್ಯಾಬ್‌ಗಳ ಡೆಬಿಯನ್ ಲಿನಕ್ಸ್ ಕಂಪ್ಯೂಟರ್‌ಗಳನ್ನು ಒಂದೇ ಸರ್ವರ್‌ನಿಂದ ನಿರ್ವಹಿಸುವಂತೆ ಮಾಡುವುದು ಈ ಯೋಜನೆಯ ಗುರಿ. ಎರಡು ಲ್ಯಾಬ್‌ಗಳು ಈಗ ಪೂರ್ತಿಯಾಗಿ ಏಜೆಂಟ್‌ನ, ಅಂದರೆ ಪ್ರತಿ ಯಂತ್ರದಲ್ಲೂ ಇದ್ದು ಸರ್ವರ್‌ನ ಸೂಚನೆಯಂತೆ ಅದನ್ನು ಸಜ್ಜಾಗಿಡುವ ತಂತ್ರಾಂಶದ, ಹಿಡಿತಕ್ಕೆ ಬಂದಿವೆ. ಮೂರನೆಯದರ ಕೆಲಸ ನಡೆಯುತ್ತಿದೆ.

ಅಳವಡಿಕೆಯನ್ನು ಅನ್ಸಿಬಲ್ ಮಾಡುತ್ತದೆ; ಇದು ಒಂದೆಡೆಯಿಂದ ಅನೇಕ ಯಂತ್ರಗಳಿಗೆ ಆದೇಶ ಕಳಿಸುವ ಸಾಧನ. ಅದಕ್ಕೆ ಆ ಕಡೆ ಎಸ್‌ಎಸ್‌ಎಚ್ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವ್ಯವಸ್ಥೆ) ಮತ್ತು ಪೈಥಾನ್ ಇದ್ದರೆ ಸಾಕು, ಬೇರೆ ಏಜೆಂಟ್ ಬೇಕಿಲ್ಲ. ಹಾಗಿದ್ದಮೇಲೆ ಎಲ್ಲ ಕೆಲಸವನ್ನೂ ಅದರಿಂದಲೇ ಏಕೆ ಮಾಡಿಸಬಾರದು ಎಂದು ಸಹೋದ್ಯೋಗಿಗಳು ಕೇಳಿದ್ದರು. ಲ್ಯಾಬ್‌ನ ಯಂತ್ರಗಳು ತರಗತಿ ಇರುವಾಗ ಮಾತ್ರ ಚಾಲನೆಯಲ್ಲಿರುತ್ತವೆ, ಕೆಲವು ವಾರಗಟ್ಟಲೆ ಆರಿಯೇ ಇರುತ್ತವೆ. ಸರ್ವರ್‌ನಿಂದ ಹೊರಟ ಆದೇಶ ಆ ಹೊತ್ತಿನಲ್ಲಿ ಚಾಲೂ ಇರುವ ಯಂತ್ರಗಳನ್ನಷ್ಟೇ ತಲುಪುತ್ತದೆ. ಏಜೆಂಟ್ ಹಾಗಲ್ಲ, ಯಂತ್ರ ಎಂದು ಚಾಲೂ ಆದರೂ ಅದು ತಾನಾಗಿ ಸರ್ವರ್‌ನ 8140ನೇ ಪೋರ್ಟ್‌ಗೆ ಸಂಪರ್ಕಿಸಿ, ತನ್ನ ಪಾಲಿನ ಸಂರಚನೆಯನ್ನು ಕೇಳಿ ಪಡೆದು, ಬೇರೆ ಸೂಚನೆ ಇಲ್ಲದಿದ್ದರೆ 30 ನಿಮಿಷಕ್ಕೊಮ್ಮೆ ಅದೇ ಕೆಲಸವನ್ನು ಪುನರಾವರ್ತಿಸುತ್ತದೆ. ಹಿಂದುಳಿದ ಯಂತ್ರ ತಾನೇ ಸರಿದೂಗಿಸಿಕೊಳ್ಳುವ ಈ ಗುಣಕ್ಕಾಗಿಯೇ ಏಜೆಂಟ್ ಬೇಕಾಯಿತು.

ಏಜೆಂಟ್ ಆಗಿ ಓಪನ್‌ವಾಕ್ಸ್ ಅನ್ನು ಆರಿಸಿಕೊಂಡಿದ್ದೇವೆ; ಇದು ಯಂತ್ರಗಳ ಸಂರಚನೆಯನ್ನು ನಿರ್ವಹಿಸುವ ಪಪೆಟ್ ಎಂಬ ತಂತ್ರಾಂಶದಿಂದ ಕವಲೊಡೆದದ್ದು. ಪರ್ಫೋರ್ಸ್ ಸಂಸ್ಥೆ 2022ರಲ್ಲಿ ಪಪೆಟ್ ಅನ್ನು ಕೊಂಡುಕೊಂಡಿತು. ಆ ಸಂಸ್ಥೆ ತನ್ನ ಹೊಸ ಪ್ಯಾಕೇಜುಗಳನ್ನು ಸಾರ್ವಜನಿಕ ಭಂಡಾರದಿಂದ ಹಿಂದಕ್ಕೆ ಸರಿಸುವುದಾಗಿ 2024ರ ಕೊನೆಯಲ್ಲಿ ಪ್ರಕಟಿಸಿದಾಗ, ವಾಕ್ಸ್ ಪ್ಯುಪುಲಿ ಸಮುದಾಯ ಅದೇ ಮುಕ್ತ ಆಕರದಿಂದ ಓಪನ್‌ವಾಕ್ಸ್ ಕವಲನ್ನು ಹೊರತಂದಿತು. ಪೋರ್ಟ್, ಕಡತಗಳ ಜಾಗ, ಆದೇಶಗಳು ಎಲ್ಲವೂ ಹಳೆಯವೇ ಆಗಿರುವುದರಿಂದ ಪಪೆಟ್ ಬಲ್ಲವರಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ.

ಪ್ಯಾಕೇಜ್ ಹಾಕುವುದು ಈ ಕೆಲಸದಲ್ಲಿ ಅತ್ಯಂತ ಸುಲಭದ ಭಾಗ. ಏಜೆಂಟ್ ತಾನು ಓಡಲು ಬೇಕಾದ ರೂಬಿ ಭಾಷೆಯ ವ್ಯವಸ್ಥೆಯನ್ನೂ ಹೊತ್ತು ಬರುವುದರಿಂದ ಪ್ಯಾಕೇಜ್ ಸ್ವಲ್ಪ ದೊಡ್ಡದು; ಪ್ರತಿಯೊಂದು ಯಂತ್ರವೂ ಅದನ್ನು ಹೊರಗಿನಿಂದ ಇಳಿಸಿಕೊಳ್ಳದಿರಲೆಂದು ಸರ್ವರ್‌ನಲ್ಲಿ ಒಮ್ಮೆ ಇಳಿಸಿದ ಪ್ಯಾಕೇಜನ್ನು ಇಟ್ಟುಕೊಂಡು ಹಂಚುವ ಆಪ್ಟ್ ಕ್ಯಾಷರ್ ಇಟ್ಟಿದ್ದೇವೆ. ಅನ್ಸಿಬಲ್ ತಾನಾಗಿ ಒಮ್ಮೆಗೆ ಐದು ಯಂತ್ರಗಳ ಮೇಲಷ್ಟೇ ಕೆಲಸ ಮಾಡುತ್ತದೆ; ಆ ಮಿತಿಯನ್ನು ಒಂದು ಸಾಲಿನ ಕಂಪ್ಯೂಟರ್‌ಗಳಷ್ಟಕ್ಕೆ ಏರಿಸಿದೆವು.

ನಿಜವಾದ ಕೆಲಸವಿದ್ದದ್ದು ಯಾವ ಯಂತ್ರ ಯಾವುದೆಂದು ಖಚಿತಪಡಿಸುವುದರಲ್ಲಿ. ಈ ಲ್ಯಾಬ್‌ಗಳನ್ನು ಮೊದಲು ಸಜ್ಜುಗೊಳಿಸಿದಾಗ ಒಂದೇ ಡಿಸ್ಕ್ ಇಮೇಜನ್ನು ಎಲ್ಲಕ್ಕೂ ನಕಲು ಮಾಡಲಾಗಿತ್ತು. ಹೀಗಾಗಿ ಯಂತ್ರದ ಗುರುತುಗಳಾದ ಹೋಸ್ಟ್ ಹೆಸರು, ಎಸ್‌ಎಸ್‌ಎಚ್ ಹೋಸ್ಟ್ ಕೀಲಿ, ಮಷೀನ್ ಐಡಿ ಮೂರೂ ಎಲ್ಲ ಕಡೆ ಒಂದೇ ಆಗಿದ್ದವು. ಏಜೆಂಟ್ ಸರ್ವರ್‌ಗೆ ತನ್ನ ಗುರುತು ತೋರಿಸುವ ಪ್ರಮಾಣಪತ್ರದ ಹೆಸರನ್ನು ಯಂತ್ರದ ಪೂರ್ಣ ಹೆಸರಿನಿಂದಲೇ ತೆಗೆದುಕೊಳ್ಳುತ್ತದೆ. ಇಡೀ ಲ್ಯಾಬ್ ಒಂದೇ ಹೆಸರಿನಲ್ಲಿ ಬಂದರೆ ಸರ್ವರ್ ಮೊದಲನೆಯದಕ್ಕೆ ಪ್ರಮಾಣಪತ್ರ ಕೊಟ್ಟು, ಉಳಿದವುಗಳ ಕೋರಿಕೆಯನ್ನು ಆ ಹೆಸರಿಗೆ ಈಗಾಗಲೇ ಪ್ರಮಾಣಪತ್ರವಿದೆಯೆಂದು ತಿರಸ್ಕರಿಸುತ್ತದೆ. ಆದ್ದರಿಂದ ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಬೇರೆಯಾಗಿರುವ ಮ್ಯಾಕ್ ವಿಳಾಸವನ್ನು ಆಧಾರವಾಗಿಟ್ಟುಕೊಂಡು, ಪ್ರತಿ ಯಂತ್ರದ ಲ್ಯಾಬ್, ಸಾಲು ಮತ್ತು ಆಸನವನ್ನು ಸೂಚಿಸುವ ಪಟ್ಟಿಯನ್ನು ಸಿದ್ಧಪಡಿಸಿದೆವು. ಅನ್ಸಿಬಲ್ ಮೊದಲು ಆ ಪಟ್ಟಿಯಂತೆ ಹೆಸರಿಟ್ಟು, ಹೋಸ್ಟ್ ಕೀಲಿ ಮತ್ತು ಮಷೀನ್ ಐಡಿಗಳನ್ನು ಹೊಸದಾಗಿ ಸೃಷ್ಟಿಸಿ, ಯಂತ್ರವನ್ನು ಮರುಚಾಲನೆ ಮಾಡಿದ ನಂತರವೇ ಏಜೆಂಟ್‌ಗೆ ಕೈಹಾಕುತ್ತದೆ. ಈ ಪಟ್ಟಿಯ ತಯಾರಿಗೆ ಲ್ಯಾಬ್ ಸಹಾಯಕರು ಪ್ರತಿ ಮೇಜಿಗೂ ಹೋಗಿ ನೋಡಿ ಬರೆದುಕೊಂಡರು. ಉಳಿದ ಸ್ವಯಂಚಾಲನೆಯೆಲ್ಲ ನಿಂತಿರುವುದು ಅವರ ಆ ಶ್ರಮದ ಮೇಲೆ.

ಮುಂದಿನ ಪ್ರಶ್ನೆ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು ಎಂಬುದು. ಬಂದ ಕೋರಿಕೆಗಳಿಗೆಲ್ಲ ಕಣ್ಣುಮುಚ್ಚಿ ಸಹಿ ಹಾಕುವ ವ್ಯವಸ್ಥೆಯೂ ಇದೆ, ಆದರೆ ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳೂ ಇರುವ ಜಾಲದಲ್ಲಿ ಅದನ್ನು ಬಳಸುವುದು ಸರಿಯಲ್ಲ. ಒಂದೊಂದಕ್ಕೂ ಕೈಯಿಂದ ಸಹಿ ಹಾಕುತ್ತ ಕುಳಿತರೆ ಸ್ವಯಂಚಾಲನೆಗೆ ಅರ್ಥವಿಲ್ಲ. ನಾವು ಆರಿಸಿದ್ದು ಮೂರನೆಯ ದಾರಿ: ಸರ್ವರ್ ಪ್ರತಿ ಕೋರಿಕೆಯನ್ನೂ ನಾವು ಬರೆದ ಒಂದು ಸ್ಕ್ರಿಪ್ಟ್‌ಗೆ ಒಪ್ಪಿಸುತ್ತದೆ, ಅದು ಒಪ್ಪಿಗೆಯ ಸಂಕೇತವಾದ ಸೊನ್ನೆಯನ್ನು ಹಿಂತಿರುಗಿಸಿದರೆ ಮಾತ್ರ ಸಹಿ ಬೀಳುತ್ತದೆ. ಅನ್ಸಿಬಲ್ ಪ್ರತಿ ಯಂತ್ರಕ್ಕೂ ಬೇರೆ ಬೇರೆ ಗುಪ್ತಪದವನ್ನು ಸೃಷ್ಟಿಸಿ, ಏಜೆಂಟ್ ಮೊದಲ ಬಾರಿಗೆ ಓಡುವ ಮುನ್ನವೇ ಕೋರಿಕೆಯ ಗುಣಲಕ್ಷಣಗಳ ಕಡತದಲ್ಲಿ ಬರೆದಿಡುತ್ತದೆ. ಹೆಸರು ಪಟ್ಟಿಯಲ್ಲಿದೆಯೇ, ಗುಪ್ತಪದ ಹೊಂದುತ್ತದೆಯೇ, ಅದು ಈಗಾಗಲೇ ಬಳಕೆಯಾಗಿದೆಯೇ ಎಂಬುದನ್ನು ಸ್ಕ್ರಿಪ್ಟ್ ಪರೀಕ್ಷಿಸುತ್ತದೆ. ಲ್ಯಾಬ್‌ನ ಹೆಸರನ್ನೂ ಅದೇ ಕಡತದ ಮೂಲಕ ಪ್ರಮಾಣಪತ್ರದೊಳಗೇ ಸೇರಿಸಿದ್ದೇವೆ. ಯಂತ್ರ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾಹಿತಿಯನ್ನು ಬದಲಿಸಬಹುದು. ಸಹಿಯಾದ ಪ್ರಮಾಣಪತ್ರದೊಳಗಿನದನ್ನು ಬದಲಿಸಲಾಗದು. ಪರೀಕ್ಷೆಗೆ ಮೀಸಲಾದ ಲ್ಯಾಬ್‌ನ ಸಂರಚನೆ ಬೇರೆ ಯಂತ್ರದ ಕೈಗೆ ಸಿಗಬಾರದೆಂಬ ಕಾರಣಕ್ಕೆ ಇದು ನನಗೆ ಬಹಳ ಮುಖ್ಯವೆನಿಸಿತು.

ಹಳೆಯ ಲ್ಯಾಬ್‌ನಲ್ಲಿ ಎದುರಾದದ್ದು ಗಡಿಯಾರದ ಸಮಸ್ಯೆ. ಅಲ್ಲಿನ ಹಲವು ಮದರ್‌ಬೋರ್ಡ್‌ಗಳಲ್ಲಿ ಗಡಿಯಾರವನ್ನು ನಡೆಸುವ ಸಿಮಾಸ್ ಬ್ಯಾಟರಿ ಸತ್ತಿದೆ; ಕರೆಂಟ್ ಹೋಗಿ ಬಂದಾಗ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಸರಿಯುತ್ತದೆ, ಆಗ ಸರ್ವರ್‌ನ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ಏಜೆಂಟ್ ಸಂಪರ್ಕವನ್ನೇ ನಿರಾಕರಿಸುತ್ತದೆ. ಸಮಯ ಹೊಂದಾಣಿಕೆಯಾಗುವವರೆಗೆ ಏಜೆಂಟ್ ಸೇವೆ ಕಾಯುವಂತೆ, ಸೇವೆಗಳನ್ನು ಆರಂಭಿಸುವ ಸಿಸ್ಟಮ್‌ಡಿಯಲ್ಲಿ ಕಟ್ಟು ಹಾಕಿದ್ದೇವೆ, ಸಮಯವನ್ನು ಕೊಡುವ ಹೊಣೆಯನ್ನು ಕಾಲೇಜಿನದೇ ಸರ್ವರ್‌ಗೆ ವಹಿಸಿದ್ದೇವೆ. ಹೊರಗಿನ ಇಂಟರ್ನೆಟ್ ಇಲ್ಲದ ದಿನವೂ ಈಗ ಏಜೆಂಟ್ ನಡೆಯುತ್ತದೆ. ಬ್ಯಾಟರಿಗಳನ್ನೂ ಬದಲಿಸಲೇಬೇಕು, ನಾಣ್ಯದಾಕಾರದ ಸಿಆರ್2032 ದುಬಾರಿಯೇನಲ್ಲ.

ತರಗತಿ ಆರಂಭವಾಗುವಾಗ ಇಡೀ ಲ್ಯಾಬ್ ಒಟ್ಟಿಗೆ ಚಾಲೂ ಆಗುವುದರಿಂದ ಎಲ್ಲ ಏಜೆಂಟ್‌ಗಳೂ ಒಂದೇ ಕ್ಷಣದಲ್ಲಿ ಸರ್ವರ್‌ಗೆ ಮುತ್ತಿಗೆ ಹಾಕುತ್ತಿದ್ದವು. ಸ್ಪ್ಲೇ ಆಯ್ಕೆಯನ್ನು ಸಕ್ರಿಯಗೊಳಿಸಿದ ಮೇಲೆ ಪ್ರತಿ ಏಜೆಂಟ್ ಯಾದೃಚ್ಛಿಕ ಅವಧಿಯಷ್ಟು ತಡೆದು ಹೊರಡುತ್ತದೆ.

ಮೂರನೆಯ ಲ್ಯಾಬ್‌ಗೆ ನಕಲು ಇಮೇಜಿನ ಪದ್ಧತಿಯನ್ನೇ ಕೈಬಿಟ್ಟು, ನೆಟ್‌ವರ್ಕ್ ಮೂಲಕ ಡೆಬಿಯನ್ ಅನ್ನು ಹೊಸದಾಗಿ ಅನುಸ್ಥಾಪಿಸುತ್ತಿದ್ದೇವೆ. ಅನುಸ್ಥಾಪನೆಯ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಪ್ರಿಸೀಡ್ ಕಡತದ ಕೊನೆಯ ಆದೇಶವೇ ಏಜೆಂಟ್ ಅನ್ನು ಹಾಕುತ್ತದೆ. ಆದರೆ ಆ ಕಡತವನ್ನು ಜಾಲದಲ್ಲಿರುವ ಯಾರು ಬೇಕಾದರೂ ಓದಬಹುದಾದ್ದರಿಂದ ಗುಪ್ತಪದವನ್ನು ಅದರಲ್ಲಿ ಇಡುವಂತಿಲ್ಲ. ಸದ್ಯಕ್ಕೆ ಏಜೆಂಟ್ ಸೇವೆಯನ್ನು ನಿಲ್ಲಿಸಿಟ್ಟು, ಅನುಸ್ಥಾಪನೆ ಮುಗಿದ ಯಂತ್ರಕ್ಕೆ ಅನ್ಸಿಬಲ್ ಎಸ್‌ಎಸ್‌ಎಚ್ ಮೂಲಕ ಗುಪ್ತಪದವನ್ನು ತಲುಪಿಸಿದ ಮೇಲೆ ಅದನ್ನು ಆರಂಭಿಸುವ ಕ್ರಮವನ್ನು ಮೊದಲ ಸಾಲಿನ ಯಂತ್ರಗಳ ಮೇಲೆ ಪರೀಕ್ಷಿಸುತ್ತಿದ್ದೇವೆ.