ಅಪ್ಪನಿಗೆ ಬೆನ್ನು ಕೊಟ್ಟು ಮಲಗಿದ ಅರಳೆ

ಏಪ್ರಿಲ್ 13, 2025, ಭಾನುವಾರ
ಆಸ್ಟಿನ್, ಟೆಕ್ಸಸ್

ಬೆಳಿಗ್ಗೆ ಏಳೂಕಾಲಿಗೆ ಹಿತ್ತಲಲ್ಲಿ ನಡೆದದ್ದನ್ನು ಮೊದಲು ಬರೆದಿಡುತ್ತೇನೆ, ಉಳಿದದ್ದು ಆಮೇಲೆ. ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾ ಕೂತಿದ್ದರು. ನಮ್ಮ ನಾಯಿ ಅರಳೆ ಪೆಕನ್ ಮರದ ಬುಡದಿಂದ ಎದ್ದಳು, ಮೈ ಕೊಡವಿಕೊಂಡಳು, ದೊಡ್ಡದೊಂದು ಅರ್ಧ ಸುತ್ತು ಹಾಕಿ ಅಪ್ಪನ ಹಿಂದೆ ಬಂದು ನಿಂತಳು. ಕುರ್ಚಿಯ ಕಾಲು ಮೂಸಿದಳು, ಅಪ್ಪನ ಪಂಚೆಯ ಅಂಚು ಮೂಸಿದಳು. ಆಮೇಲೆ ಅವರಿಗೆ ಬೆನ್ನು ಕೊಟ್ಟು, ಮುಖವನ್ನು ಬೇಲಿಯಾಚೆಯ ಹಳ್ಳದ ಕಡೆಗೆ ಮಾಡಿ, ಉಸ್ಸೆಂದು ಮಲಗಿಬಿಟ್ಟಳು. ಇಬ್ಬರ ನಡುವೆ ಮೂರಡಿ ಜಾಗವೂ ಇರಲಿಲ್ಲ. ನಾನು ಅಡುಗೆಮನೆ ಕಿಟಕಿಯಲ್ಲಿ ಕುಕ್ಕರ್ ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ನಿಂತೆ. ನಲ್ಲಿ ನೀರು ಸುರಿಯುತ್ತಲೇ ಇತ್ತು.

ಅರಳೆ ಗ್ರೇಟ್ ಪಿರನೀಸ್ ತಳಿಯ ಹೆಣ್ಣು ನಾಯಿ. ವಯಸ್ಸು ಹತ್ತಿರ ಹತ್ತಿರ ಮೂರು, ತೂಕ 42 ಕೆಜಿ. ಫ್ರಾನ್ಸ್, ಸ್ಪೇನ್ ನಡುವಿನ ಪಿರನೀಸ್ ಬೆಟ್ಟಗಳಲ್ಲಿ ತೋಳ, ಕರಡಿಗಳಿಂದ ಕುರಿ ಕಾಯುವುದಕ್ಕೆಂದೇ ಬೆಳೆಸಿದ ತಳಿ. ಅಮೆರಿಕದಲ್ಲಿ ಅತಿ ಹೆಚ್ಚು ಮೇಕೆಗಳಿರುವ ರಾಜ್ಯ ಟೆಕ್ಸಸ್, ಹಾಗಾಗಿ ಇಲ್ಲಿನ ರ‍್ಯಾಂಚ್‌ಗಳಲ್ಲಿ ಈ ನಾಯಿಗಳು ಬೇಕಾದಷ್ಟಿವೆ. ಬೇಕಾದದ್ದಕ್ಕಿಂತ ಹೆಚ್ಚು ಮರಿಗಳೂ ಹುಟ್ಟುತ್ತವೆ, ಎಷ್ಟೋ ನಾಯಿಗಳು ರಸ್ತೆಗೆ ಬೀಳುತ್ತವೆ. ಇವಳೂ ಹಾಗೆ ರಸ್ತೆ ಬದಿಯಲ್ಲಿ ಸಿಕ್ಕವಳು. ನವೆಂಬರಿನಲ್ಲಿ, ದಿಕ್ಕಿಲ್ಲದ ನಾಯಿಗಳನ್ನು ಕಾಪಾಡುವ ರೆಸ್ಕ್ಯೂನವರಿಂದ ಮನೆಗೆ ತಂದೆವು. ಫೋನಿನಲ್ಲಿ ಫೋಟೋ ನೋಡಿದ ಅಪ್ಪ, "ಅರಳೆ ಮೂಟೆ ಇದ್ದಂಗಿದೆಯಲ್ಲಮ್ಮ" ಅಂದರು. ಹೆಸರು ಹಾಗೆ ಬಂತು.

ಹೆಂಗಸರೆಂದರೆ ಅವಳಿಗೆ ಚಿಂತೆಯಿಲ್ಲ. ಗಂಡಸು ಕಂಡರೆ ಮಾತ್ರ ಬಾಯಿ ಬಿಗಿದು ಕಲ್ಲಾಗುತ್ತಿದ್ದಳು. ಆಮೇಲೆ ಎದೆಯಾಳದಿಂದ ಒಂದು ಗುರ್. ಅದಕ್ಕೂ ಜಗ್ಗದಿದ್ದರೆ ಇಡೀ ಬೀದಿಗೆ ಕೇಳುವ ಬೊಗಳು. ನೋಡಿದವರೆಲ್ಲ "ಪಾಪ, ಯಾರೋ ಗಂಡಸು ಹೊಡೆದಿರಬೇಕು" ಅಂತಾರೆ. ನಾನೂ ಹಾಗೇ ಅಂದುಕೊಂಡು ಎಷ್ಟೋ ರಾತ್ರಿ ಅತ್ತಿದ್ದೇನೆ. ನಮ್ಮ ಟ್ರೈನರ್ ಬೇರೆ ಮಾತು ಹೇಳಿದರು: ಹೊಡೆದಿರಲೇಬೇಕೆಂದಿಲ್ಲ. ನಾಯಿಮರಿಗೆ ಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದೊಳಗೆ ಯಾವುದರ ಪರಿಚಯವಾಗುವುದಿಲ್ಲವೋ ಅದು ಜೀವನಪೂರ್ತಿ ಅನುಮಾನದ ವಸ್ತುವಾಗಿ ಉಳಿಯಬಹುದು. ಮೇಕೆಗಳ ನಡುವೆ ಬೆಳೆದ ಮರಿ ಎಷ್ಟು ಗಂಡಸರನ್ನು ಕಂಡಿರುತ್ತದೆ? ಗಟ್ಟಿ ದನಿ, ದಪ್ಪ ಹೆಜ್ಜೆ, ಗಡ್ಡ, ಟೋಪಿ, ಎಲ್ಲವೂ ಹೊಸದು. ಅದರ ಮೇಲೆ ಹೊಸಬರನ್ನು ನಂಬದಿರುವುದೇ ಈ ತಳಿಯ ಕಸುಬು. ಭಯ, ಕಸುಬು ಎರಡೂ ಸೇರಿ ನಮ್ಮ ಬಾಗಿಲಲ್ಲಿ ನಿಂತಿದ್ದವು.

ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನೋವಿದ್ದರೂ ನಾಯಿ ಹೀಗೆ ಆಡಬಹುದು, ಹಾಗಾಗಿ ಸೊಂಟದ ಎಕ್ಸ್‌ರೇ, ಥೈರಾಯ್ಡ್ ಪರೀಕ್ಷೆ ಆಯಿತು, ಎರಡೂ ಸರಿಯಿದ್ದವು. ದಿಗಿಲು ತಗ್ಗಿಸುವ ಫ್ಲೂಆಕ್ಸೆಟಿನ್ ಮಾತ್ರೆ ಬರೆದುಕೊಟ್ಟರು, ಕೆಲಸ ಮಾಡಲು ನಾಲ್ಕರಿಂದ ಆರು ವಾರ ಬೇಕು ಅಂದರು. ಪರಿಚಯದವರೊಬ್ಬರು ಶಾಕ್ ಕೊಡುವ ಕಾಲರ್ ಹಾಕಿ ಅಂದರು, ಕೈ ಮುಗಿದು ಬೇಡವೆಂದೆ. ನಾಯಿಗೆ ಯಾವ ತರಬೇತಿಯೇ ಆಗಲಿ, ವರ್ತನೆಯ ತೊಂದರೆಯಿದ್ದರೂ ಸರಿ, ನೋಯಿಸದೆ ಬಹುಮಾನ ಕೊಟ್ಟು ಮಾಡಬೇಕೆಂದು ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2021ರಲ್ಲೇ ಹೇಳಿದೆ. ಗಂಡಸನ್ನು ಕಂಡಾಗಲೆಲ್ಲ ಕುತ್ತಿಗೆಗೆ ನೋವಾದರೆ ಅವಳು ಗಂಡಸಿನ ಬಗ್ಗೆ ಏನು ಕಲಿತಾಳು? ನನ್ನ ಗಂಡನನ್ನು ಅವಳು ಒಪ್ಪಲು ಸಂಕ್ರಾಂತಿವರೆಗೆ ಹಿಡಿಯಿತು. ಆ ಕಥೆ ಇನ್ನೊಂದು ದಿನ ಬರೆಯುತ್ತೇನೆ.

ಅಪ್ಪ ಬಂದದ್ದು ಯುಗಾದಿಗೆ ಒಂದು ವಾರ ಮೊದಲು. ಮೊದಲ ಭೇಟಿ ಮನೆಯೊಳಗೆ ಬೇಡ ಅಂತ ಟ್ರೈನರ್ ಹೇಳಿದ್ದರು. ಹಾಗಾಗಿ ಪಾರ್ಕಿನಲ್ಲಿ, ನೀಲಿ ಬ್ಲೂಬಾನೆಟ್ ಹೂಗಳ ಪಕ್ಕ, ಅಪ್ಪ ಆ ಅಂಚಿನಲ್ಲಿ ನಾವು ಈ ಅಂಚಿನಲ್ಲಿ ಒಂದೇ ದಿಕ್ಕಿಗೆ ಅರ್ಧ ಗಂಟೆ ನಡೆದೆವು. ಚೆನ್ನಾಗಿಯೇ ಆಯಿತು. ಮೂರನೇ ದಿನ ತಪ್ಪು ಮಾಡಿದವಳು ನಾನು. ಅಪ್ಪ ಚಪಾತಿ ತುಂಡು ಹಿಡಿದು ಬಗ್ಗಿ ಕೈ ಚಾಚಿದರು. "ಕೊಡಿ ಅಪ್ಪಾ, ತಿಂತಾಳೆ" ಅಂದೆ. ಹಿಂಗಾಲು ಹಿಂದೆಯೇ ಊರಿ, ಕುತ್ತಿಗೆ ಮಾತ್ರ ಉದ್ದ ಮಾಡಿ ಬಂದಳು, ಚಪಾತಿ ಕಚ್ಚಿಕೊಂಡಳು. ತಿಂದು ತಲೆಯೆತ್ತಿದರೆ ಅಪ್ಪನ ಮುಖ ಅವಳ ಮುಖದ ಮೇಲೇ ಇತ್ತು. ಕ್ಷಣದಲ್ಲಿ ಅಂಗಿಯ ತೋಳು ಹರಿದಿತ್ತು. ಚರ್ಮಕ್ಕೆ ಏನೂ ಆಗಲಿಲ್ಲ. ಅಪ್ಪ "ಏಯ್" ಎಂದು ಗದರಿದರು, ಅವಳು ಸೋಫಾ ಹಿಂದೆ ಸೇರಿ ನಡುಗುತ್ತಾ ಕೂತಳು.

ಆಸೆ ತೋರಿಸಿ ಹತ್ತಿರ ಕರೆದರೆ ಹೀಗೇ ಆಗುತ್ತದಂತೆ. ತಿನ್ನುವ ಆಸೆಗೆ ನಾಯಿ ತನ್ನ ಧೈರ್ಯ ಮೀರಿ ಮುಂದೆ ಬರುತ್ತದೆ, ತಿಂಡಿ ಮುಗಿದ ಕೂಡಲೇ ಎಲ್ಲಿ ನಿಂತಿದ್ದೇನೆಂದು ಅರಿವಾಗಿ ದಿಗಿಲು ಬೀಳುತ್ತದೆ. ಅದಕ್ಕೇ ತಿಂಡಿಯನ್ನು ನಾಯಿಯ ಹಿಂದಕ್ಕೆ ಎಸೆಯಬೇಕು. ಅದು ತಿರುಗಿ, ದೂರ ಹೋಗಿ ತಿನ್ನಲಿ. ಮನಸ್ಸಾದರೆ ತಾನಾಗಿ ಮತ್ತೆ ಬರಲಿ. ಟ್ರೈನರುಗಳು ಇದನ್ನು ಟ್ರೀಟ್ ಅಂಡ್ ರಿಟ್ರೀಟ್ ಅನ್ನುತ್ತಾರೆ. ಗುರ್ ಅಂದಾಗ ಗದರಲೂಬಾರದು. ಗದರಿ ಗದರಿ ಗುರ್ ಅನ್ನುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಹಲ್ಲು ಬರುತ್ತದೆ.

ಅಪ್ಪನಿಗೆ ಇದನ್ನೆಲ್ಲ ಹೇಗೆ ಹೇಳುವುದೆಂದು ನನಗೆ ಅಳುಕಿತ್ತು. ಅವರು ಚಳ್ಳಕೆರೆ ಕಡೆಯ ರೈತರು, ಜೀವಮಾನವಿಡೀ ನಾಯಿ ಸಾಕಿದವರು. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಹಳೆಯ ಸಂಗತಿ ಹೇಳಿದರು. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದರು. ಕುರಿಯವರಿಗೆ ರಾತ್ರಿ ಮುದ್ದೆ ಸಾರು ಒಯ್ಯುವ ಕೆಲಸ ಆಗ ಹುಡುಗನಾಗಿದ್ದ ಅಪ್ಪನದು. ಮಂದೆ ಹತ್ತಿರವಾದಂತೆ ಕತ್ತಲಲ್ಲಿ ನಾಯಿಗಳು ನುಗ್ಗಿ ಬರುತ್ತಿದ್ದವು. ಕಂಬಳಿ ಹೊದ್ದ ಕುರಿಯವನು ಅಲ್ಲಿಂದಲೇ ಕೂಗುತ್ತಿದ್ದನಂತೆ: "ನಾಯಿ ಕಡೆ ನೋಡಬ್ಯಾಡ ಕಣಪ್ಪ, ನಿನ್ನ ಪಾಡಿಗೆ ನೀನು ಬಾ."

"ನಿನ್ನ ಟ್ರೈನರ್ ಹೇಳೋದೂ ಅದೇ ತಾನೆ?" ಅಂದರು ಅಪ್ಪ.

ಅದೇ.

ಮರುದಿನದಿಂದ ಕುರ್ಚಿಯ ಕೆಲಸ ಶುರು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಅಷ್ಟೇ. ಅಪ್ಪ ಅವಳಿಗೆ ಪಕ್ಕ ತಿರುಗಿ ಕೂರುವುದು, ಕಣ್ಣು ಹುಲ್ಲಿನ ಮೇಲೆ. ಅವರು ಮಾಂಸ ಮುಟ್ಟುವುದಿಲ್ಲ, ಆದ್ದರಿಂದ ಬೇಯಿಸಿದ ಕೋಳಿಯ ಬದಲು ಚೀಸ್, ಬಟಾಣಿ ಗಾತ್ರದ ತುಂಡುಗಳು. ಅವಳು ಉದ್ದ ಹಗ್ಗದಲ್ಲಿ ನನ್ನ ಜೊತೆ. ಬಾಯಿಗೆ ಬುಟ್ಟಿಯಂಥ ಮಝಲ್ ಹಾಕುವುದನ್ನು ಚಳಿಗಾಲದಲ್ಲೇ ಕಡಲೆಕಾಯಿ ಬೆಣ್ಣೆ ಸವರಿ ಸವರಿ ಅಭ್ಯಾಸ ಮಾಡಿಸಿದ್ದೆವು. (ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂದಿದ್ದರೆ ಕೊಡಬೇಡಿ, ನಾಯಿಗೆ ವಿಷ.) ಅದನ್ನು ನೋಡಿ ಅಪ್ಪನ ಮುಖ ಅರಳಿತು. "ಇದು ನಮ್ಮ ಎತ್ತಿನ ಕುಕ್ಕೆ!" ಸಂದಿಯಿಂದ ಚೀಸ್ ತಿನ್ನಬಹುದು, ನೀರೂ ಕುಡಿಯಬಹುದು. ಅದು ಹಾಕಿದ ದಿನ ನನ್ನ ಭುಜ ಬಿಗಿಯುವುದಿಲ್ಲ, ನನ್ನ ಭುಜ ಬಿಗಿಯದಿದ್ದರೆ ಹಗ್ಗವೂ ಬಿಗಿಯುವುದಿಲ್ಲ, ಅದು ಅವಳಿಗೆ ತಿಳಿಯುತ್ತದೆ.

ಮೊದಲ ದಿನದ ದೂರ ಇಪ್ಪತ್ತೈದಡಿ. ಅವಳು ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಂಡರೆ ನಾವು ಹಿಂದೆ ಸರಿಯುವುದು. ನಿದ್ದೆಗೆ ಆಕಳಿಸುತ್ತಿದ್ದಾಳೆಂದು ನಾವು ತಿಳಿಯುತ್ತೇವೆ, ಅದು ಕಸಿವಿಸಿ. ಒಂಬತ್ತನೇ ದಿನಕ್ಕೆ ಹನ್ನೆರಡಡಿಗೆ ಬಂದಿದ್ದೆವು, ಅಷ್ಟರಲ್ಲಿ ಅಪ್ಪನಿಗೆ ಮಂಡಿ ನೋವು ಕಾಣಿಸಿಕೊಂಡು ಕೋಲು ಹಿಡಿದು ಬಂದರು, ಮತ್ತೆ ಇಪ್ಪತ್ತೈದಕ್ಕೆ. ಗಂಡಸು ಬೇರೆ, ಕೋಲು ಬೇರೆ, ಎರಡಕ್ಕೂ ಬೇರೆ ಬೇರೆ ಪಾಠ ಆಗಬೇಕು ಅಂದರು ಟ್ರೈನರ್. ಮೂರು ದಿನ ಬರೀ ಕೋಲನ್ನು ಹುಲ್ಲಿನ ಮೇಲೆ ಮಲಗಿಸಿ ಸುತ್ತ ಚೀಸ್ ಚೆಲ್ಲಿದೆವು. ಮೂರನೇ ದಿನ ಅದರ ತುದಿಯ ರಬ್ಬರನ್ನು ಮೂಸಿ ಮೂಸಿ, ಒಮ್ಮೆ ನೆಕ್ಕಿ, ಸೀನಿ ಹೋದಳು.

ಆದರೆ ಅರ್ಧ ಕೆಲಸ ಆದದ್ದು ನಾನಿಲ್ಲದಾಗ. ಈ ತಳಿಯ ನಾಯಿಗಳು ರಾತ್ರಿ ಪಾಳಿಯವು. ಅಪ್ಪನಿಗೂ ಮೊದಲ ವಾರ ಊರಿನ ಗಡಿಯಾರವೇ, ಇಲ್ಲಿ ರಾತ್ರಿ ಎರಡೆಂದರೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಆಮೇಲೂ ಆ ಹೊತ್ತಿಗೆ ಎಚ್ಚರವಾಗುವುದು ಅಭ್ಯಾಸವಾಯಿತು. ಒಂದು ರಾತ್ರಿ ನೀರಿಗೆಂದು ಎದ್ದು ಬಂದೆ. ನಡುಮನೆಯ ದೀಪ ಆರಿಸಿತ್ತು. ಹಿತ್ತಲ ಗಾಜಿನ ಬಾಗಿಲ ಮುಂದೆ ಅರಳೆ ಕಿವಿ ನಿಮಿರಿಸಿ ನಿಂತಿದ್ದಳು. ನಡುವಿನ ಅಡ್ಡಗೇಟಿನ ಈಚೆ ಅಪ್ಪ ನೆಲದ ಮೇಲೆ ಶಾಲು ಹೊದ್ದು ಕೂತಿದ್ದರು. ಹಳ್ಳದಾಚೆ ಕೊಯೋಟಿಗಳು, ಇಲ್ಲಿನ ಸಣ್ಣ ತೋಳದಂಥ ಪ್ರಾಣಿಗಳು, ಕೂಗುತ್ತಿದ್ದವು. ಅವಳು ಎರಡು ಸಲ ಬೊಗಳಿ ತಿರುಗಿ ನೋಡಿದಳು. ಅಪ್ಪ ಅವಳ ಕಡೆ ನೋಡಲಿಲ್ಲ, ಕೂಗು ಬಂದ ದಿಕ್ಕಿಗೇ ಕಣ್ಣಿಟ್ಟು, ಮೆಲ್ಲಗೆ, "ಹೂಂ, ಕೇಳಿಸ್ತು" ಅಂದರು. ಅವಳು ಮತ್ತೆ ಗಾಜಿನ ಕಡೆ ತಿರುಗಿದಳು. ನಾನು ನೀರು ಕುಡಿಯದೆ ವಾಪಸು ಹೋದೆ.

ನಾಳೆ ಎಸಿ ರಿಪೇರಿಗೆ ಇಬ್ಬರು ಗಂಡಸರು ಬರುತ್ತಾರೆ. ಅರಳೆ ಹಿಂದಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಇರುತ್ತಾಳೆ, ಅವಳ ಪರಿಚಯ ಅವರಿಗೆ ಬೇಡ. ಅಪ್ಪನನ್ನು ಒಪ್ಪಿದ್ದಕ್ಕೆ ಊರಿನ ಗಂಡಸರನ್ನೆಲ್ಲ ಒಪ್ಪಬೇಕೆಂಬ ಆಸೆ ನನಗಿಲ್ಲ.

ಬೆಳಗಿನ ಮಾತಿಗೆ ಬರುತ್ತೇನೆ. ಅವಳು ಮಲಗಿದ ಮೇಲೆ ಅಪ್ಪ ಕತ್ತು ತಿರುಗಿಸದೆ, ಕಿಟಕಿಗೆ ಕೇಳುವಷ್ಟೇ ದನಿಯಲ್ಲಿ, "ಮುಟ್ಟಲೇನಮ್ಮ?" ಅಂದರು.

"ಇವತ್ತು ಬೇಡ ಅಪ್ಪಾ."

ಕಾಫಿ ಲೋಟ ಖಾಲಿಯಾಗಿತ್ತು. ಅದನ್ನು ಕೆಳಗಿಟ್ಟರೆ ಸದ್ದಾಗುತ್ತದೆಂದು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಿಸಿಲು ಏರುವವರೆಗೂ, ಅವಳು ತಾನಾಗಿ ಎದ್ದು ಹೋಗುವವರೆಗೂ ಹಾಗೇ ಕೂತಿದ್ದರು.